ಡಬ್ಬಿ ಬೋರಲು ಹಾಕುತ್ತಿದ್ದ ಉಸ್ತಾದ

ಗಂಗಾವತಿಯ ನಮ್ಮ ಗ್ಯಾರೇಜ್ ಸಾಲಿನ ಬಾಯಿಗೆ ಉಸ್ತಾದನ ಬ್ಯಾನರ್ ಕಟ್ಟಿ ವಾರದ ಮೇಲಾಯಿತು. ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಹಿಂದೆ ಮೋಡ, ಮೋಡದಿಂದ ಹಾರಿಬರುವ ಪಾರಿವಾಳಗಳು. ಕೆಳಗೆ ‘ಮತ್ತೆ ಹುಟ್ಟಿ ಬನ್ನಿ’ ಎಂದು ಬರೆಸಿದ್ದಾರೆ. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವಾಗ ಆ ಮುಖ ಕಾಣುತ್ತದೆ, ದಿನಾ ನನಗೆ ಹೇಸಿಗೆಯಾಗುತ್ತದೆ. ಮತ್ತೆ ಬರುವುದು ಬೇಡ ಮಾರಾಯಾ, ಒಂದು ಸಲ ಬಂದು ಹೋದದ್ದೇ ಸಾಕು ಎಂದುಕೊಂಡು ಶಟರ್ ಎತ್ತುತ್ತೇನೆ.

ನನ್ನದು ಡೀಸೆಲ್ ಪಂಪ್ ರಿಪೇರಿ ಅಂಗಡಿ. ಬಂಕಿನ ಪಂಪಲ್ಲ, ಎಂಜಿನ್ನಿಗೆ ಎಷ್ಟು ಬೇಕೋ ಅಷ್ಟೇ ಡೀಸೆಲ್ ಅಳೆದು ಕೊಡುವ ಪಂಪು. ಆ ಸಾಲಿನಲ್ಲಿ ಉಸ್ತಾದನನ್ನು ಬಿಟ್ಟರೆ ಹಳಬ ನಾನೇ. ಅದಕ್ಕೇ ಶ್ರದ್ಧಾಂಜಲಿ ಸಭೆಯಲ್ಲಿ ಎರಡು ಮಾತಾಡಿ ಎಂದು ಮೆಕ್ಯಾನಿಕ್ ಸಂಘದವರು ಮನೆತನಕ ಬಂದಿದ್ದರು. ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದೆ. ಗಂಟಲು ಕಟ್ಟಿರಲಿಲ್ಲ. ಬಾಯಿ ತೆಗೆದಿದ್ದರೆ ಅಲ್ಲಿ ಹಾರ ಹಿಡಿದು ಕೂತವರೆಲ್ಲ ಎದ್ದು ಹೋಗಬೇಕಾಗುತ್ತಿತ್ತು. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನಿಗೆ ಹೆಸರಿತ್ತು, ಆದರೆ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮ ಕಡೆ ಸ್ಪ್ಯಾನರ್ ಹಿಡಿದು ಒಂದಿಷ್ಟು ವರ್ಷ ಕಳೆದವರೆಲ್ಲ ಉಸ್ತಾದರೇ. ಆದರೆ ಬರೀ ‘ಉಸ್ತಾದ’ ಎಂದರೆ ಕೊಪ್ಪಳದಿಂದ ಸಿದ್ದಾಪುರದವರೆಗೆ ಎಲ್ಲರಿಗೂ ಇವನೊಬ್ಬನೇ. ದಪ್ಪ ಮೈ, ಬನಿಯನ್ನಿನ ಮೇಲೆ ಹೆಗಲಿಗೊಂದು ಟವೆಲ್, ಬಾಯಲ್ಲಿ ಸದಾ ಗುಟ್ಕಾ. ಗಾಡಿ ನೋಡಲು ಬಗ್ಗುವ ಮುಂಚೆ ಒಮ್ಮೆ ಉಗುಳುತ್ತಿದ್ದ. ಎಲ್ಲಿ ಉಗುಳುತ್ತಿದ್ದೇನೆ ಎಂದು ನೋಡುವ ರೂಢಿ ಅವನಿಗಿರಲಿಲ್ಲ, ನೋಡಿಕೊಂಡು ಪಕ್ಕಕ್ಕೆ ಸರಿಯುವುದು ನಮ್ಮ ಕೆಲಸ. ಕೈಗೆ ಹತ್ತಿದ ಮಸಿಯನ್ನು ಟವೆಲ್ಲಿಗೆ ಒರೆಸುತ್ತಿರಲಿಲ್ಲ. ಪಕ್ಕದಲ್ಲಿ ನಿಂತವರ ಹೆಗಲ ಮೇಲೆ ಕೈ ಹಾಕಿ, ಮಾತಾಡುತ್ತಾ ಮಾತಾಡುತ್ತಾ ಅವರ ಅಂಗಿಗೇ ಒರೆಸುತ್ತಿದ್ದ. ಉಸ್ತಾದ ಹೆಗಲ ಮೇಲೆ ಕೈ ಹಾಕಿದ ಎಂದು ಜನ ಹಿಗ್ಗಿ ಮನೆಗೆ ಹೋಗುತ್ತಿದ್ದರು.

ಇನ್ನೊಂದು ಅಭ್ಯಾಸ ಇತ್ತು. ಎಂಜಿನ್ ಎಣ್ಣೆಯಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವನು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ‘ಬೇರಿಂಗ್ ಹೋಗೈತಿ’ ಎನ್ನುತ್ತಿದ್ದ. ಎಣ್ಣೆ ನೆಕ್ಕಿದರೆ ಬೇರಿಂಗಿನ ರುಚಿ ಬರುವುದಿಲ್ಲ. ಗಾಡಿ ಸಾಲಿನೊಳಗೆ ಬರುವಾಗಲೇ ಅವನ ಕಿವಿಗೆ ಸದ್ದು ಬಿದ್ದಿರುತ್ತಿತ್ತು, ಬೇರಿಂಗ್ ಹೋದದ್ದು ಅಲ್ಲೇ ಗೊತ್ತಾಗಿರುತ್ತಿತ್ತು. ನಾಲಿಗೆ ಬರೀ ಜನರಿಗೆ ತೋರಿಸಲು. ಆಮೇಲೆ ಅದೇ ಬೆರಳಲ್ಲಿ ಗುಟ್ಕಾ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾನು ಅಂಗಡಿಯೊಳಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದೆ.

ಅವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ಹೇಳಿದರೆ ನನ್ನ ಹೊಟ್ಟೆಕಿಚ್ಚು ಎಂದು ತಿಳಿಯುತ್ತೀರಿ. ಬರುತ್ತಿತ್ತು, ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಭತ್ತದ ಕೊಯ್ಲಿನ ಕಾಲದಲ್ಲಿ ಕೆಸರಲ್ಲಿ ಕೆಟ್ಟು ನಿಂತ ಕಟಾವು ಯಂತ್ರದ ಎಂಜಿನ್ನನ್ನು ಅಲ್ಲೇ ಬಿಚ್ಚಿ, ಅಲ್ಲೇ ಕೂಡಿಸಿ, ಎಬ್ಬಿಸಿ ಬರುತ್ತಿದ್ದ. ನನ್ನ ಹೇಸಿಗೆಗೆ ಮೂಲವೇ ಅದು. ಗೊತ್ತಿಲ್ಲದವನು ತಪ್ಪು ಹೇಳಿದರೆ ಬೈದು ಮರೆಯಬಹುದು. ಇವನಿಗೆ ಎಲ್ಲ ಗೊತ್ತಿತ್ತು.

ಜನ ಅವನನ್ನು ಕೊಂಡಾಡುತ್ತಿದ್ದದ್ದು ಮುಖ್ಯವಾಗಿ ಎಣ್ಣೆಯ ವಿಷಯಕ್ಕೆ. ಎಂಜಿನ್ ಎಣ್ಣೆ ಬದಲಿಸುವಾಗ ಗಿರಾಕಿ ತಂದ ಡಬ್ಬಿಯಲ್ಲಿ ಯಾವಾಗಲೂ ಒಂದಿಷ್ಟು ಉಳಿಯುತ್ತದೆ. ಬೇರೆಯವರು ಅದನ್ನು ಮೂಲೆಗೆ ಸರಿಸಿ, ಗಿರಾಕಿ ಹೋದ ಮೇಲೆ ತಮ್ಮ ಡಬ್ಬಿಗೆ ಸುರಿದುಕೊಳ್ಳುತ್ತಾರೆ ಎಂಬ ಮಾತಿತ್ತು. ಸುಳ್ಳೂ ಅಲ್ಲ. ಉಸ್ತಾದ ಹಾಗೆ ಮಾಡುತ್ತಿರಲಿಲ್ಲ. ಡಬ್ಬಿಯನ್ನು ಎಂಜಿನ್ನಿನ ಬಾಯಿಗೆ ಬೋರಲು ಹಾಕಿ, ತಳಕ್ಕೆ ಅಂಗೈಯಿಂದ ಬಡಿದು, ಕೊನೆಯ ಹನಿ ಬೀಳುವತನಕ ಕಾಯುತ್ತಿದ್ದ. ಖಾಲಿ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ‘ನಿಮ್ಮ ಎಣ್ಣಿ ನಿಮ್ಮ ಗಾಡಿ ಹೊಟ್ಟ್ಯಾಗ ಐತ್ರೀ’ ಎನ್ನುತ್ತಿದ್ದ. ಡಬ್ಬಿಯಲ್ಲಿ ಎಣ್ಣೆ ಬಿಡುವುದು ಅಪಶಕುನ ಎಂದೂ ಸೇರಿಸುತ್ತಿದ್ದ. ಉಸ್ತಾದನ ಕೈ ಧಾರಾಳ ಎಂಬ ಹೆಸರು ಬಂದದ್ದು ಹೀಗೆ.

ಎಂಜಿನ್ನಿಗೆ ಧಾರಾಳದ ಎಣ್ಣೆ ಬೇಡ. ಎಣ್ಣೆ ಅಳೆಯಲು ಒಂದು ಕಡ್ಡಿ ಇರುತ್ತದೆ, ಕಡ್ಡಿಯ ಮೇಲೆ ಗುರುತು ಇರುತ್ತದೆ. ಗುರುತು ದಾಟಿ ತುಂಬಿದರೆ ಒಳಗೆ ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ. ಆ ನೊರೆ ಹೊಗೆ ಹೋಗುವ ಸಣ್ಣ ಕೊಳವೆ ಹಿಡಿದು, ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿಗೆ ಸೇರುತ್ತದೆ. ಡೀಸೆಲ್ ಎಂಜಿನ್ನಿಗೆ ಡೀಸೆಲ್ಲೂ ಒಂದೇ, ಎಣ್ಣೆಯೂ ಒಂದೇ, ಸಿಕ್ಕಿದ್ದನ್ನು ಸುಡುತ್ತದೆ. ಆಗ ಅದಕ್ಕೆ ಕೀಲಿಯ ಹಂಗಿಲ್ಲ, ಪೆಡಲಿನ ಹಂಗಿಲ್ಲ. ಯಾರೂ ಒತ್ತದೆ ತಾನೇ ರೇಸ್ ಆಗುತ್ತಾ ಹೋಗುತ್ತದೆ. ಗಾಳಿಯ ಬಾಯಿ ಮುಚ್ಚಬೇಕು, ಇಲ್ಲವೇ ಎಣ್ಣೆ ತೀರಬೇಕು, ಇಲ್ಲವೇ ಎಂಜಿನ್ ಒಡೆಯಬೇಕು. ಎಲ್ಲ ಗಾಡಿಗೂ ಹೀಗಾಗುವುದಿಲ್ಲ. ಬಹಳಷ್ಟು ಗಾಡಿಗಳು ಹೆಚ್ಚಿನ ಎಣ್ಣೆಯನ್ನು ಹೇಗೋ ಸಹಿಸಿಕೊಂಡು ಓಡುತ್ತವೆ, ಅದರಿಂದಲೇ ಉಸ್ತಾದನ ಧಾರಾಳ ಅಷ್ಟು ವರ್ಷ ನಡೆಯಿತು.

ಸಹಿಸದೇ ಹೋದದ್ದು ಯಮನೂರಪ್ಪ ಓಡಿಸುತ್ತಿದ್ದ ಟೆಂಪೋ.

ಯಮನೂರಪ್ಪ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವನು. ಮೆತ್ತಗಿನ ಹುಡುಗ, ಆಗಷ್ಟೇ ಮದುವೆಯಾಗಿದ್ದ. ನಾಟಿಯ ಕಾಲಕ್ಕೆ ಅವನ ಊರಿನ ಹೆಣ್ಣುಮಕ್ಕಳು ಕಾಲುವೆ ಸೀಮೆಗೆ ಭತ್ತ ಹಚ್ಚಲು ಬರುತ್ತಾರೆ. ಅವರನ್ನು ಸಿದ್ದಾಪುರದ ಗದ್ದೆಗಳಿಗೆ ಕರೆತರುವುದು, ಮತ್ತೆ ಊರು ಮುಟ್ಟಿಸುವುದು ಅವನ ಕೆಲಸ. ಟೆಂಪೋ ಗಂಗಾವತಿಯ ಒಬ್ಬ ಸಾಹುಕಾರರದು. ಯಮನೂರಪ್ಪನ ಗಾಡಿ ಎಂದರೆ ಹೆಣ್ಣುಮಕ್ಕಳು ಕೂಸುಗಳನ್ನೂ ಎತ್ತಿಕೊಂಡು ಹತ್ತುತ್ತಿದ್ದರು. ಅವನು ಗುಂಡಿ ಕಂಡರೆ ಇಳಿದು ನೋಡಿ ಬಂದು ಆಮೇಲೆ ಗಾಡಿ ಇಳಿಸುವವನು. ಅವನ ಮನೆ ನಡೆಯುತ್ತಿದ್ದದ್ದು ಆ ನಂಬಿಕೆಯ ಮೇಲೆ.

ಕೆಲವು ವರ್ಷಗಳ ಹಿಂದೆ ನಾಟಿ ಶುರುವಾಗುವ ಮುಂಚೆ ಗಾಡಿ ಉಸ್ತಾದನ ಗ್ಯಾರೇಜಿಗೆ ಬಂತು. ಎಣ್ಣೆ ಬದಲಾಯಿತು. ಡಬ್ಬಿ ಬೋರಲಾದದ್ದನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ನಾನೇ ನೋಡಿದೆ. ಅದಾಗಿ ಕೆಲವೇ ದಿನಕ್ಕೆ ಹಿಟ್ನಾಳದ ಹತ್ತಿರ, ಹೆದ್ದಾರಿ ಬದಿಯ ಚಹಾದ ಅಂಗಡಿಯ ಮುಂದೆ, ನಿಂತಲ್ಲೇ ಗಾಡಿ ರೇಸ್ ಆಗತೊಡಗಿತು. ಯಮನೂರಪ್ಪ ಪೆಡಲ್ ಒದ್ದು ನೋಡಿದ, ಕೀಲಿ ತಿರುಗಿಸಿದ, ಕೀಲಿ ಕಿತ್ತು ಕೈಯಲ್ಲಿ ಹಿಡಿದ. ಎಂಜಿನ್ ಇನ್ನೂ ಜೋರಾಗಿ ಒದರಿತು. ಹಿಂದಿನಿಂದ ದಟ್ಟ ಹೊಗೆ. ಗಾಡಿಗೆ ಬೆಂಕಿ ಬಿತ್ತೆಂದು ಹೆಣ್ಣುಮಕ್ಕಳು ಹಿಂದಿನಿಂದ ಧುಮುಕಿದರು. ಹನಮವ್ವ ಎಂಬ ನಡುವಯಸ್ಸಿನ ಹೆಣ್ಣುಮಗಳು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡಳು. ಚಹಾ ಕುಡಿಯುತ್ತಿದ್ದ ಯಾವನೋ ಲಾರಿ ಡ್ರೈವರು ಓಡಿಬಂದು, ಒದ್ದೆ ಗೋಣಿಚೀಲವನ್ನು ಗಾಳಿ ಎಳೆಯುವ ಪೈಪಿನ ಬಾಯಿಗೆ ಒತ್ತಿ ಹಿಡಿದ. ಎಂಜಿನ್ ಉಸಿರುಗಟ್ಟಿ ನಿಂತಿತು. ಇದು ತನ್ನ ಎಣ್ಣೆ ತಾನೇ ಕುಡಿದಿದೆ, ಎಣ್ಣೆ ನೋಡಿಸು ಎಂದು ಹೇಳಿ ಅವನು ತನ್ನ ದಾರಿ ಹಿಡಿದ. ಅವನು ಯಾರು, ಎಲ್ಲಿಯವನು, ಯಾರಿಗೂ ಗೊತ್ತಿಲ್ಲ.

ಗಾಡಿಯನ್ನು ಕಟ್ಟಿ ಎಳೆದು ಗ್ಯಾರೇಜ್ ಸಾಲಿಗೆ ತಂದರು. ಸಾಹುಕಾರರು ಬಂದರು, ಮಂಗಳೂರಿನಿಂದ ನಾಲ್ಕಾರು ಹಿರಿಯರು ಬಂದರು. ಎಲ್ಲರಿಗೂ ಬೇಕಾದದ್ದು ಒಂದೇ ಮಾತು, ತಪ್ಪು ಗಾಡಿಯದೋ ಹುಡುಗನದೋ. ಉಸ್ತಾದ ಬಾನೆಟ್ ಎತ್ತಿಸಿ ಮೊದಲು ಎಣ್ಣೆಯ ಕಡ್ಡಿಯನ್ನೇ ಎಳೆದ. ಎಳೆದವನು ಅದನ್ನು ನೋಡಲೇ ಇಲ್ಲ. ಹೆಗಲ ಟವೆಲ್ಲಿನಿಂದ ಒರೆಸಿ ಹಾಗೇ ಒಳಗೆ ತುರುಕಿದ. ಒರೆಸಿ, ತುರುಕಿ, ಮತ್ತೆ ಎಳೆದು ನೋಡುವುದು ಕ್ರಮ. ಅಷ್ಟು ವರ್ಷದಲ್ಲಿ ಆ ಮನುಷ್ಯ ಟವೆಲ್ಲಿಗೆ ಮಸಿ ಒರೆಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಡ್ಡಿಯಲ್ಲಿ ಎಣ್ಣೆ ಎಲ್ಲಿಯತನಕ ಇದೆ ಎಂದು ಅವನಿಗೆ ನೋಡದೆಯೇ ಗೊತ್ತಿತ್ತು.

ಆಮೇಲೆ ಪಂಪ್ ಬಿಚ್ಚಿಸಿ ನನ್ನ ಹತ್ತಿರ ಕಳಿಸಿದ. ನಾನು ಮೇಜಿಗೆ ಹಾಕಿ ತಿರುಗಿಸಿ ನೋಡಿದೆ. ಪಂಪಿನಲ್ಲಿ ಒಂದು ಕೂದಲಿನಷ್ಟೂ ದೋಷ ಇರಲಿಲ್ಲ. ಕೀಲಿ ತೆಗೆದರೆ ಡೀಸೆಲ್ ನಿಲ್ಲುತ್ತಿತ್ತು. ಪಂಪ್ ಹಿಡಿದುಕೊಂಡು ಹೋಗಿ ಎಲ್ಲರೆದುರು ಅದನ್ನೇ ಹೇಳಿದೆ. ಪಂಪ್ ಸರಿಯಿದೆ, ಡೀಸೆಲ್ ನಿಂತ ಮೇಲೂ ಎಂಜಿನ್ ಓಡಿದೆ ಎಂದರೆ ಅದಕ್ಕೆ ಎಣ್ಣೆ ಹೋಗಿದೆ, ಗಾಳಿ ಪೈಪ್ ಬಿಚ್ಚಿ ನೋಡಿ ಎನ್ನುವಷ್ಟರಲ್ಲಿ ಉಸ್ತಾದ ನನ್ನ ಹೆಗಲ ಮೇಲೆ ಕೈ ಹಾಕಿದ. ಮಾತಿನ ಮೊದಲರ್ಧವನ್ನಷ್ಟೇ ಎತ್ತಿಕೊಂಡ.

“ಕೇಳಿದ್ರಲ್ರಿ? ಪಂಪ್ ಛಲೋ ಐತಂತ ಪಂಪಿನಾವನ ಹೇಳ್ಯಾನ. ಎಂಜಿನ್ ನಾ ನೋಡೀನಿ, ಅದೂ ಛಲೋ ಐತಿ. ಮತ್ತ ಉಳದದ್ದೇನು? ಡ್ರೈವರನ ಕಾಲು.”

ಅವತ್ತು ಆ ಕೈ ನನ್ನ ಹೆಗಲ ಮೇಲೆ ಕೂತದ್ದನ್ನು ನೆನೆದರೆ ಇವತ್ತಿಗೂ ಹೆಗಲು ಒರೆಸಿಕೊಳ್ಳುತ್ತೇನೆ. ನಾನು ಕಂಡ ಸತ್ಯವನ್ನೇ ಹಿಡಿದು ಆ ಹುಡುಗನ ಕುತ್ತಿಗೆಗೆ ಕಟ್ಟಿದ. ನಾನು ಕೈ ಕೊಡವಿ, ಸ್ಕ್ರೂ ಡ್ರೈವರ್ ತೆಗೆದುಕೊಂಡು ಪೈಪಿನ ಕ್ಲಿಪ್ಪಿಗೆ ಹಚ್ಚಲು ಹೋದೆ. ಸಾಹುಕಾರರು ತಡೆದರು. ನಮ್ಮ ಸಾಲಿನಲ್ಲಿ ಒಂದು ಕಟ್ಟಳೆ ಇದೆ: ಒಬ್ಬ ಮೇಸ್ತ್ರಿ ಕೈ ಹಚ್ಚಿದ ಗಾಡಿಗೆ, ಅವನು ಬಾಯಿಬಿಟ್ಟು ಹೇಳುವತನಕ, ಇನ್ನೊಬ್ಬ ಸ್ಪ್ಯಾನರ್ ಮುಟ್ಟಿಸುವಂತಿಲ್ಲ. ಒಬ್ಬರ ಕೆಲಸ ಇನ್ನೊಬ್ಬರು ಕೆಡಿಸಬಾರದೆಂದು ಹಿರಿಯರು ಮಾಡಿಕೊಂಡದ್ದು. ಸುತ್ತ ನಿಂತ ಮೆಕ್ಯಾನಿಕ್ಕುಗಳನ್ನು ನೋಡಿದೆ. ಅಲ್ಲಿದ್ದ ಯಾರಿಗೂ ಗಾಡಿಯ ಹೊಗೆ ಎಣ್ಣೆಯದೆಂದು ತಿಳಿಯದೆ ಇರಲಿಲ್ಲ, ಸೈಲೆನ್ಸರಿನ ಬಾಯಿ ಎಣ್ಣೆಯಿಂದ ಒಸರುತ್ತಿತ್ತು. ಒಬ್ಬ ಚಪ್ಪಲಿ ನೋಡಿಕೊಂಡ, ಇನ್ನೊಬ್ಬ ಫೋನ್ ತೆಗೆದ.

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಬಂದಾಗ ಉಸ್ತಾದನೇ ಎಲ್ಲರನ್ನೂ ಕೂಡಿಸಿದ್ದ. ಪಂಪಿನವನಿಗೆ ಅನುಮಾನ ಉಳಿಯಬಾರದು, ಅವನೇ ಬಿಚ್ಚಲಿ ಎಂದು ದೊಡ್ಡ ಮನಸ್ಸು ಮಾಡಿದ. ಬಿಚ್ಚಿದೆ. ಗಾಳಿಯ ಪೈಪು ಊಟ ಮುಗಿಸಿ ಬೆಳಗಿಟ್ಟ ತಟ್ಟೆಯಷ್ಟು ಸ್ವಚ್ಛವಾಗಿತ್ತು. ಡೀಸೆಲ್ಲಿನಲ್ಲಿ ತೊಳೆದ ವಾಸನೆ ಇನ್ನೂ ಹೋಗಿರಲಿಲ್ಲ. ಕಡ್ಡಿ ಎಳೆದೆ, ಎಣ್ಣೆ ಗುರುತಿಗೆ ಸರಿಯಾಗಿ ನಿಂತಿತ್ತು. ಗಾಡಿಯ ಕೆಳಗೆ ಒಣ ಮಣ್ಣು ಹರವಿ ಎಣ್ಣೆಯ ಕಲೆ ಮುಚ್ಚಿದ್ದರು. ಇಷ್ಟು ವರ್ಷ ಧೂಳಲ್ಲಿ ಓಡಿದ ಗಾಡಿಯ ಪೈಪು ಹೀಗೆ ಹೊಳೆಯುತ್ತದೆಯೇ, ಇದು ತೊಳೆದದ್ದು ಎಂದು ಕೂಗಿ ಹೇಳಿದೆ. ಸ್ವಚ್ಛ ಇದ್ದರೂ ತಪ್ಪೇನಪ್ಪಾ ಎಂದು ಉಸ್ತಾದ ನಕ್ಕ, ಅವನ ಹಿಂದೆ ಎಲ್ಲರೂ ನಕ್ಕರು. ಮಂಗಳೂರಿನ ಹಿರಿಯರೂ ನಕ್ಕರು.

ಇಷ್ಟಾದರೂ ಯಮನೂರಪ್ಪ ಒಪ್ಪಿರಲಿಲ್ಲ. ಕೀಲಿ ಕೈಯಲ್ಲಿತ್ತು ಎಂದು ಒಂದೇ ಮಾತು ಹಿಡಿದು ನಿಂತಿದ್ದ. ಹನಮವ್ವ ಕೂಡ ದವಾಖಾನೆಯ ಮಂಚದ ಮೇಲಿಂದ ಅದನ್ನೇ ಹೇಳುತ್ತಿದ್ದಳು. ಆಗ ಉಸ್ತಾದ ಏನು ಮಾಡಿದ ಎಂದು ಬರೆಯುವಾಗ ಪೆನ್ನು ಒಗೆಯಬೇಕೆನಿಸುತ್ತದೆ. ಹಣ್ಣು ತೆಗೆದುಕೊಂಡು ದವಾಖಾನೆಗೆ ಹೋದ. ಹನಮವ್ವನ ತಲೆಯ ಹತ್ತಿರ ಕೂತು, ಕೀಲಿ ತೆಗೆದ ಮೇಲೆ ಗಾಡಿ ಒದರಿದ್ದು ನೀನು ಕಂಡದ್ದೇ ನಿಜವಾದರೆ ಅದು ಮನುಷ್ಯರ ಕೆಲಸವಲ್ಲ, ಆ ಜಾಗದ ಗಾಳಿ ಸರಿಯಿಲ್ಲ, ಒಂದು ತೆಂಗಿನಕಾಯಿ ನಿವಾಳಿಸಿ ಒಡೆಸಿಬಿಡು ಎಂದ. ಸಾಹುಕಾರರಿಗೆ ಹುಡುಗನ ಕಾಲು, ಹೆಣ್ಣುಮಕ್ಕಳಿಗೆ ದೆವ್ವ. ಡಬ್ಬಿಯ ಹೆಸರು ಎಲ್ಲಿಯೂ ಬರಲಿಲ್ಲ. ಅಲ್ಲಿಂದ ಹೊರಬಂದವನು ದವಾಖಾನೆಯ ಮೆಟ್ಟಿಲ ಪಕ್ಕದ ಗೋಡೆಗೆ ಉಗುಳಿದ. ನಾನು ಹನಮವ್ವನನ್ನು ನೋಡಲೆಂದು ಹೋಗಿದ್ದೆ, ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದೆ. ಮೆಟ್ಟಿಲ ಮೇಲೆ ಅವನನ್ನು ತಡೆದು, ಎಣ್ಣೆ ತುಂಬಿದವನು ನೀನು ಎಂದು ಮುಖಕ್ಕೇ ಹೇಳಿದೆ. ಅವನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಬರಲಿಲ್ಲ.

“ತಮ್ಮಾ, ಡ್ರೈವರ್‌ಗಳು ಬರ್ತಾವು, ಹೋಗ್ತಾವು. ಉಸ್ತಾದನ ಹೆಸರು ಹೋದ್ರ ಈ ಇಡೀ ಸಾಲು ಮುಚ್ಚತೈತಿ. ನಿನ್ನ ಅಂಗಡೀನೂ ಸೇರಿ.”

ಹೀಗೆ ಹೇಳಿ ನನ್ನ ಹೆಗಲಿಗೆ ಕೈ ಚಾಚಿದ. ನಾನು ಹಿಂದೆ ಸರಿದೆ.

ಆಮೇಲೆ ನಡೆದದ್ದು ಬೇಗ ನಡೆಯಿತು. ತಪ್ಪಾಯಿತು ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡರೆ ಠಾಣೆಗೆ ಹೋಗುವುದಿಲ್ಲ, ಹನಮವ್ವನ ಔಷಧೋಪಚಾರ ನಾವೇ ನೋಡಿಕೊಳ್ಳುತ್ತೇವೆ ಎಂದು ಸಾಹುಕಾರರು ಯಮನೂರಪ್ಪನಿಗೆ ಹೇಳಿದರು. ಒಪ್ಪದಿದ್ದರೆ ಆ ಹೆಣ್ಣುಮಗಳ ಕಾಲು ಹಾಗೇ ಉಳಿಯುತ್ತದೆ ಎಂದು ಊರ ಹಿರಿಯರೂ ತಿಳಿಸಿ ಹೇಳಿದರು. ಅವನನ್ನು ಮಣಿಸಿದ್ದು ಆ ಕೊನೆಯ ಮಾತೇ. ಮಂಗಳೂರಿನ ಕಟ್ಟೆಯ ಮೇಲೆ ಜನ ಸೇರಿದರು. ನಾನೂ ಹೋಗಿದ್ದೆ, ಕೇಳುವವರು ಯಾರೂ ಇಲ್ಲದಿದ್ದರೂ ಎಣ್ಣೆಯ ಮಾತನ್ನು ಅಲ್ಲಿಯೂ ಎತ್ತಿದೆ. ಪಂಪಿನವರಿಗೂ ಉಸ್ತಾದನಿಗೂ ಹಳೆಯ ದ್ವೇಷವಂತೆ ಎಂದು ಯಾರೋ ಹಿಂದಿನಿಂದ ಅಂದರು. ಯಮನೂರಪ್ಪ ಎದ್ದು ನಿಂತು, ನನ್ನ ಕಾಲು ಜಾರಿ ಪೆಡಲ್ ಮೇಲೆ ಬಿತ್ತು ಎಂದು ನೆಲ ನೋಡುತ್ತಾ ಹೇಳಿದ. ಉಸ್ತಾದ ಅವನನ್ನು ಎಲ್ಲರೆದುರು ಅಪ್ಪಿಕೊಂಡ. ಕಾಲು ಎಲ್ಲರದೂ ಜಾರುತ್ತದೆ, ಚಿಂತೆ ಮಾಡಬೇಡ ಎಂದು ಬೆನ್ನು ಸವರಿದ. ಹುಡುಗನ ಬಿಳಿ ಅಂಗಿಯ ಬೆನ್ನ ಮೇಲೆ ಐದೂ ಬೆರಳು ಮೂಡಿದವು. ಎಂಥ ದೊಡ್ಡ ಮನುಷ್ಯ ಎಂದು ಜನ ಕಣ್ಣೊರೆಸಿಕೊಂಡರು.

ಅಲ್ಲಿಂದ ಮುಂದೆ ಊರಿನ ಯಾವ ಹೆಣ್ಣುಮಗಳೂ ಅವನು ಓಡಿಸುವ ಗಾಡಿ ಹತ್ತಲಿಲ್ಲ. ಅವನು ಕುರಿ ಕಾಯುವ ಕೆಲಸ ಹಿಡಿದ. ಉಸ್ತಾದನ ಹತ್ತಿರ ಗಾಡಿಗಳು ಮೊದಲಿನಂತೆಯೇ ಸಾಲುಗಟ್ಟಿ ನಿಂತವು. ಒಂದೇ ಒಂದು ಬದಲಾವಣೆ ಆಯಿತು. ಅವನು ಡಬ್ಬಿ ಬೋರಲು ಹಾಕುವುದನ್ನು ಬಿಟ್ಟ, ಕಡ್ಡಿ ನೋಡಿ ನೋಡಿ ಹನಿ ಹನಿಯಾಗಿ ಸುರಿಯತೊಡಗಿದ. ಉಳಿದ ಎಣ್ಣೆಯನ್ನು ಗಿರಾಕಿಯ ಕೈಗೇ ಕೊಟ್ಟು, ಎಷ್ಟು ನಿಯತ್ತು ಎಂದು ಹೊಸ ಹೆಸರು ಗಳಿಸಿದ. ನನಗೆ ಅವನ ಗುಟ್ಕಾ, ಉಗುಳು, ಎಣ್ಣೆ ನೆಕ್ಕುವ ನಾಲಿಗೆ ಎಲ್ಲದಕ್ಕಿಂತ ಹೆಚ್ಚು ಅಸಹ್ಯವಾದದ್ದು ಆ ಹನಿ ಹನಿ ಸುರಿಯುವ ಎಚ್ಚರ.

ಶ್ರದ್ಧಾಂಜಲಿ ಸಭೆ ಮುಗಿದ ಮಧ್ಯಾಹ್ನ ಯಾರೋ ಅಂಗಡಿಯ ಮುಂದೆ ಬಂದು ನಿಂತರು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು, ಯಮನೂರಪ್ಪ. ಸಭೆಗೆ ಬಂದು ಉಸ್ತಾದನ ಫೋಟೋಕ್ಕೆ ಹೂವು ಹಾಕಿ ಬಂದಿದ್ದ. ಅತ್ತು ಕಣ್ಣು ಕೆಂಪಾಗಿದ್ದವು. ನನಗೆ ತಡೆಯಲಾಗಲಿಲ್ಲ. ಒಳಗೆ ಕೂಡಿಸಿ, ಚಹಾ ತರಿಸಿ, ಮೊದಲಿಂದ ಎಲ್ಲ ಹೇಳಿದೆ. ಡಬ್ಬಿ ಹೇಗೆ ಬೋರಲಾಯಿತು, ಕಡ್ಡಿ ಹೇಗೆ ಒರೆಸಿದ, ಪೈಪು ಹೇಗೆ ತೊಳೆದ. ಮೆಟ್ಟಿಲ ಮೇಲೆ ಆಡಿದ ಮಾತನ್ನೂ ಬಿಡದೆ ಹೇಳಿದೆ. ಇನ್ನು ಅವನು ಸತ್ತಿದ್ದಾನೆ, ನೀನು ಯಾರಿಗೂ ಅಂಜಬೇಕಾಗಿಲ್ಲ, ತಪ್ಪು ನಿನ್ನದಲ್ಲ ಎಂದೆ. ಯಮನೂರಪ್ಪ ಬಹಳ ಗೌರವದಿಂದ ಕೇಳಿಸಿಕೊಂಡ.

“ನೀವು ಆವತ್ತೂ ಇದನ್ನ ಹೇಳಿದ್ರಿ ಕಾಕಾ. ಹನಮವ್ವನೂ ಇದನ್ನ ಹೇಳ್ತಾಳ. ನನ್ನ ಮ್ಯಾಲಿನ ಕಕ್ಕುಲಾತಿಗೆ ಹೇಳ್ತೀರಿ ಅಂತ ನನಗ ಗೊತ್ತೈತ್ರಿ. ಅಂಥಾ ಮನಷ್ಯಾ ಸುಳ್ಳು ಹೇಳೂದಿಲ್ರಿ.”

ಕೀಲಿ ನಿನ್ನ ಕೈಯಲ್ಲೇ ಇತ್ತಲ್ಲೋ ಎಂದು ಕೇಳಿದೆ. ಇದ್ದಿರಬಹುದು, ಇಲ್ಲದಿರಬಹುದು, ಈಗ ನೆನಪಾಗುವುದಿಲ್ಲ ಎಂದ. ಅಣ್ಣ ಟ್ರ್ಯಾಕ್ಟರ್ ತಂದಿದ್ದಾನಂತೆ, ಓಡಿಸು ಎಂದು ಗೋಗರೆಯುತ್ತಾನಂತೆ. ಇವನು ಅದರ ಸೀಟಿನ ಮೇಲೆ ಕೂರುವುದಿಲ್ಲವಂತೆ. ಚಹಾದ ಲೋಟ ಕೆಳಗಿಟ್ಟು, ಬಲಗಾಲನ್ನು ಮುಂದಕ್ಕೆ ಚಾಚಿ, ಪಾದವನ್ನು ಆ ಕಡೆ ಈ ಕಡೆ ಹೊರಳಿಸಿ ನನಗೆ ತೋರಿಸಿದ.

“ಕೊಪ್ಪಳದಾಗ ತೋರಿಸ್ದೆ, ಕುಷ್ಟಗಿಯಾಗ ತೋರಿಸ್ದೆ. ಫೋಟೋ ತಗದ್ರು, ನರಾ ನೋಡಿದ್ರು, ಏನೂ ಆಗಿಲ್ಲ ಅಂತಾರ. ಏನೂ ಆಗಿಲ್ಲಂದ್ರ, ಕಾಕಾ, ಆವತ್ತು ಅದು ಯಾಕ ಪೆಡಲ್ ಒತ್ತಿತ್ರಿ?”